ಮೊದಲ ಅಧ್ಯಾಯದ ಅರ್ಧನಾರೀಶ್ವರ

ಲಿಂಗತ್ವ ಮತ್ತು ಲೈಂಗಿಕತೆಯ ಬಗ್ಗೆ ಕನ್ನಡದಲ್ಲಿ ಬರುವ ಸಂಶೋಧನಾ ಪ್ರಬಂಧಗಳ ಮೊದಲ ಅಧ್ಯಾಯವನ್ನು ಓದುವ ಮೊದಲೇ ಊಹಿಸಬಹುದು. ಅಲ್ಲಿ ಅರ್ಧನಾರೀಶ್ವರ ಇರುತ್ತಾನೆ. ಶಿಖಂಡಿ, ಬೃಹನ್ನಳೆ, ಮೋಹಿನಿ ಸಾಲಾಗಿ ಬರುತ್ತಾರೆ. ಜೇಡರ ದಾಸಿಮಯ್ಯನ ಒಂದು ವಚನ ಇದ್ದೇ ಇರುತ್ತದೆ. ಬರೆಯುವವರು ಬೆಂಗಳೂರು ಸೀಮೆಯವರಾದರೆ ಕರಗ, ಬಳ್ಳಾರಿ, ಬೆಳಗಾವಿ ಕಡೆಯವರಾದರೆ ಜೋಗಪ್ಪ. ಕೊನೆಗೆ, ನಮ್ಮ ಪರಂಪರೆ ಇವರನ್ನು ಎಂದೂ ದೂರ ಇಟ್ಟಿರಲಿಲ್ಲ ಎಂಬ ಅರ್ಥದ ಒಂದು ವಾಕ್ಯ. ಎರಡನೇ ಅಧ್ಯಾಯದಿಂದ ಪ್ರಶ್ನಾವಳಿ, ಕೋಷ್ಟಕ, ಶೇಕಡಾವಾರು.

ನಾನು ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಓಡಾಡಿಕೊಂಡು ಪಿಎಚ್‌ಡಿ ಮಾಡುತ್ತಿದ್ದೇನೆ. ಕನ್ನಡದಲ್ಲಿ ಓದಲು ಸಿಗುವ ಲಿಂಗತ್ವ ಅಲ್ಪಸಂಖ್ಯಾತರ ಆತ್ಮಕಥನಗಳು ನನ್ನ ವಿಷಯ. ವಿಷಯ ಮಂಡನೆಯ ದಿನ ಹಿರಿಯರೊಬ್ಬರು ಪ್ರೀತಿಯಿಂದಲೇ ಹೇಳಿದರು: ‘ನಿಮ್ಮ ಕಡೆಯೇ ಕರಗ ಇದೆಯಲ್ಲ, ಅಲ್ಲಿಂದ ಶುರುಮಾಡಿ. ಇದೆಲ್ಲ ಹೊರಗಿನಿಂದ ಬಂದದ್ದಲ್ಲ ಅಂತ ಮೊದಲೇ ಗೊತ್ತಾಗಿಬಿಡುತ್ತೆ.’ ಸಲಹೆಯ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ‘ಇದು ಪಶ್ಚಿಮದ ಗಾಳಿ’ ಎನ್ನುವವರಿಗೆ ಪರಂಪರೆಯೊಂದು ಸಿದ್ಧ ಉತ್ತರ. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಕೂಡ ರಾಮಾಯಣ, ಮಹಾಭಾರತಗಳನ್ನು ನೆನೆಯುತ್ತದೆ. ಹೊರಗಿನವರೊಡನೆ ವಾದ ಮಾಡಲು ಇದು ಉಪಯೋಗಕ್ಕೆ ಬರಬಹುದು. ಪಠ್ಯಗಳನ್ನು ಓದಲು ಬರುವುದಿಲ್ಲ ಎಂಬುದು ನನ್ನ ತಕರಾರು.

ಕರಗದಿಂದಲೇ ಆರಂಭಿಸೋಣ. ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯ ಕರಗ ಎಲ್ಲರಿಗೂ ಗೊತ್ತು. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ಆನೇಕಲ್ಲುಗಳಲ್ಲೂ ಕರಗ ನಡೆಯುತ್ತದೆ. ಚೈತ್ರ ಪೂರ್ಣಿಮೆಯ ರಾತ್ರಿ ಬೆಂಗಳೂರಿನಲ್ಲಿ ಕರಗ ಹೊರುವ ಪೂಜಾರಿ ಸೀರೆಯುಟ್ಟು, ಮಲ್ಲಿಗೆ ಮುಡಿದು ದ್ರೌಪದಿಯಾಗಿ ಬರುತ್ತಾನೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಗಂಡು ಹೆಣ್ಣಾಗುವ ಈ ರಾತ್ರಿಯನ್ನು ಊರೇ ಕೈಮುಗಿದು ನೋಡುತ್ತದೆ ಎಂಬುದು ನಮ್ಮ ಪ್ರಬಂಧಗಳು ಕೊಡುವ ಸಾಕ್ಷಿ.

ಆದರೆ ಸಾಕ್ಷಿ ಹೇಳುತ್ತಿರುವುದು ಏನನ್ನು? ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ‘ಲ್ಯಾಂಡ್‌ಸ್ಕೇಪ್ಸ್ ಆಫ್ ಅರ್ಬನ್ ಮೆಮೊರಿ’ ಕರಗವನ್ನು ಕುರಿತ ಬಹಳ ಗಂಭೀರವಾದ ಅಧ್ಯಯನ. ಅಲ್ಲಿ ಕರಗ ಮುಖ್ಯವಾಗಿ ತಿಗಳರ ನೆನಪಿನ ಕಥನ. ಹೂ, ತರಕಾರಿ ಬೆಳೆಯುತ್ತಿದ್ದ ಸಮುದಾಯವೊಂದು ತನ್ನ ತೋಟ, ಕೆರೆಗಳು ಮಾಯವಾದ ನಗರದಲ್ಲಿ ವರ್ಷಕ್ಕೊಮ್ಮೆ ನಡೆದು ತನ್ನ ಭೂಪಟವನ್ನು ಮತ್ತೆ ಬರೆಯುತ್ತದೆ. ಪೂಜಾರಿಯ ಹೆಣ್ತನ ಅಲ್ಲಿ ವ್ರತ, ಅದಕ್ಕೆ ಆರಂಭವಿದೆ, ಮುಕ್ತಾಯವಿದೆ. ವ್ರತ ಮುಗಿದ ಮೇಲೆ ಆತ ಮನೆಗೆ ಗಂಡಸಾಗಿಯೇ ಮರಳುತ್ತಾನೆ. ಆತನನ್ನು ಕೈಮುಗಿಯುವುದಕ್ಕೂ ದಿನನಿತ್ಯ ಸೀರೆಯುಡುವ ನೆರೆಮನೆಯ ಹುಡುಗನನ್ನು ಒಪ್ಪುವುದಕ್ಕೂ ನಡುವೆ ಸೇತುವೆ ಇದೆ ಎಂದು ನಾವು ಊಹಿಸಿಕೊಂಡಿದ್ದೇವೆ. ನನ್ನ ಊರಿನಲ್ಲಿ ಕರಗಕ್ಕೆ ದಾರಿ ಬಿಡುವ ಬೀದಿಯೇ ಆ ಹುಡುಗನನ್ನು ‘ಒಂಬತ್ತು’ ಎಂದು ಕೂಗುತ್ತದೆ. ಎರಡೂ ಒಂದೇ ಬೀದಿಯ ನಾಲಿಗೆ. ಒಂದು ಇನ್ನೊಂದನ್ನು ತಿದ್ದಿಲ್ಲ.

ಇನ್ನೊಂದು ವಿವರವನ್ನು ನಮ್ಮ ಪ್ರಬಂಧಗಳು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಸಂಪ್ರದಾಯದ ಪ್ರಕಾರ ಪೂಜಾರಿ ತೊಡುವ ತಾಳಿ, ಬಳೆಗಳು ಅವನ ಹೆಂಡತಿಯವು. ವ್ರತದ ದಿನಗಳಲ್ಲಿ ಆಕೆ ಅವನ್ನು ಕಳಚಿಕೊಟ್ಟು ದೂರ ಉಳಿಯುತ್ತಾಳೆ. ಲಿಂಗತ್ವದ ಅಧ್ಯಯನ ಎಂದುಕೊಂಡು ಹೋದವರು ಹೆಣ್ಣಾದ ಗಂಡನ್ನು ನೋಡಿ ಬೆರಗಾಗುತ್ತಾರೆ. ಅವನು ಹೆಣ್ಣಾಗಲೆಂದು ತನ್ನ ಹೆಣ್ತನದ ಗುರುತುಗಳನ್ನು ಬಿಚ್ಚಿಕೊಟ್ಟು ಕೋಣೆಯಲ್ಲಿ ಕುಳಿತವಳನ್ನು ಯಾರೂ ಮಾತನಾಡಿಸುವುದಿಲ್ಲ. ನಿಜಕ್ಕೂ ಲಿಂಗತ್ವದ ಪ್ರಶ್ನೆ ಇರುವುದು ಆ ಕೋಣೆಯಲ್ಲಿ ಎಂದು ನನಗನ್ನಿಸುತ್ತದೆ.

ವಚನಕ್ಕೆ ಬರೋಣ. ಮೊಲೆ, ಮುಡಿ, ಗಡ್ಡ, ಮೀಸೆಗಳ ಗುರುತು ಹಿಡಿದು ಲೋಕ ಹೆಣ್ಣು ಗಂಡೆಂದು ಕರೆಯುತ್ತದೆ, ಒಳಗಿನ ಆತ್ಮಕ್ಕೆ ಆ ಭೇದವಿಲ್ಲ ಎನ್ನುವುದು ದಾಸಿಮಯ್ಯನ ವಚನದ ತಿರುಳು. ಎ.ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಇದನ್ನು ಇಂಗ್ಲಿಷಿಗೆ ತಂದರು. ಅಲ್ಲಿಂದ ಮುಂದೆ ಲಿಂಗತ್ವದ ಮಾತೆತ್ತಿದವರೆಲ್ಲ ಇದನ್ನು ಉದ್ಧರಿಸುತ್ತಿದ್ದಾರೆ. ಹೆಚ್ಚುಕಡಿಮೆ ಇದೇ ಮಾತಿನಿಂದ ಆರಂಭವಾಗುವ ಗೊಗ್ಗವ್ವೆಯ ವಚನವೂ ಇದೆ. ಆಕೆ ಆತ್ಮದ ಜಾಗದಲ್ಲಿ ಜ್ಞಾನವನ್ನು ಇಡುತ್ತಾಳೆ, ಉತ್ತರ ಹೇಳದೆ ಪ್ರಶ್ನೆಯಲ್ಲೇ ನಿಲ್ಲಿಸುತ್ತಾಳೆ. ದಾಸಿಮಯ್ಯನನ್ನು ಉದ್ಧರಿಸುವವರಲ್ಲಿ ಗೊಗ್ಗವ್ವೆಯನ್ನು ನೆನೆಯುವವರು ಕಡಿಮೆ.

ಮಂಜಮ್ಮ ಜೋಗತಿಯವರ ಆತ್ಮಕಥನವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿರುವ ಆ ಪುಸ್ತಕದ ಹೆಸರು ‘ನಡುವೆ ಸುಳಿವ ಹೆಣ್ಣು’. ಮೊದಲೆರಡು ಪದಗಳು ದಾಸಿಮಯ್ಯನವು. ಮೂರನೆಯದು ಬದಲಾಗಿದೆ. ವಚನದಲ್ಲಿ ಆತ್ಮವಿದ್ದ ಕಡೆ ಇಲ್ಲಿ ಹೆಣ್ಣು ಬಂದಿದ್ದಾಳೆ. ಇದನ್ನು ಚಂದದ ಶೀರ್ಷಿಕೆ ಎಂದಷ್ಟೇ ತೆಗೆದುಕೊಂಡರೆ ಪುಸ್ತಕದ ಮುಖ್ಯ ವಾದವೇ ತಪ್ಪಿಹೋಗುತ್ತದೆ. ಆತ್ಮಕ್ಕೆ ಲಿಂಗವಿಲ್ಲ ಎಂಬ ಮಾತು ಹೆಣ್ಣಾಗಿ ಬದುಕಲು ಹೊರಟವಳ ಯಾವ ಕಷ್ಟವನ್ನೂ ಕಡಿಮೆ ಮಾಡುವುದಿಲ್ಲ. ಆಕೆಗೆ ಬೇಕಾದದ್ದು ಭೇದವೇ ಇಲ್ಲದ ಆತ್ಮವಲ್ಲ, ಸೀರೆ, ಬಳೆ, ಕುಂಕುಮ, ‘ಅಮ್ಮ’ ಎಂದು ಕರೆಸಿಕೊಳ್ಳುವ ಹಕ್ಕು. ವಚನ ಭೇದವನ್ನು ಮೀರಲು ಹೇಳುತ್ತದೆ, ಮಂಜಮ್ಮ ಭೇದದ ಒಳಗೇ ತನಗೊಂದು ಜಾಗ ಕೇಳುತ್ತಾರೆ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ‘ಪರಂಪರೆ’ ಎಂದು ಹೆಸರಿಟ್ಟಾಗ ಮಂಜಮ್ಮನ ಮಾತು ದಾಸಿಮಯ್ಯನ ಅಡಿಟಿಪ್ಪಣಿಯಾಗಿಬಿಡುತ್ತದೆ.

ಪರಂಪರೆ ಮಂಜಮ್ಮನಿಗೆ ಏನನ್ನೂ ಕೊಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಜೋಗತಿ ಪರಂಪರೆ ಅವರಿಗೆ ಹೆಸರು ಕೊಟ್ಟಿತು, ಕಾಳವ್ವ ಜೋಗತಿಯಂಥ ಗುರುವನ್ನು ಕೊಟ್ಟಿತು, ಕುಣಿತ ಕೊಟ್ಟಿತು. ಅದೇ ಕಲೆ ಅವರನ್ನು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆಗೆ, 2021ರಲ್ಲಿ ಪದ್ಮಶ್ರೀಗೆ ತಲುಪಿಸಿತು. ರಾಷ್ಟ್ರಪತಿ ಭವನದಲ್ಲಿ ಅವರು ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಆದರೆ ಅದಕ್ಕೂ ಹಿಂದೆ ಮನೆಯವರು ದೂರ ಮಾಡಿದ್ದು, ವಿಷ ಕುಡಿದದ್ದು, ಭಿಕ್ಷೆ ಬೇಡಿದ್ದು ಇದೆ. ಆಗಲೂ ಪರಂಪರೆ ಇತ್ತು. ದೇವಿಗೆ ಬಿಟ್ಟ ಮಗುವಿಗೆ ಅದು ಗುಡಿಯ ಅಂಗಳದಲ್ಲಿ ಜಾಗ ಕೊಟ್ಟಿತು, ಮನೆಯ ಪಡಸಾಲೆಯಲ್ಲಿ ಕೊಡಲಿಲ್ಲ. ‘ಒಪ್ಪಿಕೊಂಡಿತ್ತು’ ಎಂಬ ಒಂದೇ ಕ್ರಿಯಾಪದ ಈ ಅಂಗಳಕ್ಕೂ ಪಡಸಾಲೆಗೂ ಇರುವ ಅಂತರವನ್ನು ಮುಚ್ಚಿಹಾಕುತ್ತದೆ.

ಎ. ರೇವತಿಯವರ ಬರಹ ಈ ಚರ್ಚೆಯನ್ನು ಬೇರೊಂದು ದಿಕ್ಕಿಗೆ ಒಯ್ಯುತ್ತದೆ. ನಾಮಕ್ಕಲ್ ಕಡೆಯ ಹಳ್ಳಿಯಿಂದ ದೆಹಲಿ, ಮುಂಬೈ ಸುತ್ತಿ ಬೆಂಗಳೂರಿಗೆ ಬಂದು, ಇಲ್ಲಿನ ‘ಸಂಗಮ’ ಸಂಸ್ಥೆಯಲ್ಲಿ ಕೆಲಸ ಮಾಡಿದವರು ಅವರು. ಅವರ ಮೊದಲ ಪುಸ್ತಕ, ಸಹಜೀವಿಗಳ ಬದುಕಿನ ಕಥೆಗಳನ್ನು ಕೇಳಿ ಸಂಗ್ರಹಿಸಿದ ‘ಉಣರ್ವುಂ ಉರುವಮುಂ’, ತಮಿಳಿನಲ್ಲಿ 2004ರಲ್ಲಿ ಬಂತು. ಸ್ವಂತ ಕಥೆ 2010ರಲ್ಲಿ ವಿ. ಗೀತಾ ಅವರ ಅನುವಾದದಲ್ಲಿ ಮೊದಲು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ದು. ಸರಸ್ವತಿ ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ರಂಗಕ್ಕೆ ತಂದಿತು. ಸಂಶೋಧನೆಯ ‘ವಸ್ತು’ವಾಗಿದ್ದವರು ಸಂಶೋಧಕಿಯಾಗಿ, ಆಮೇಲೆ ಲೇಖಕಿಯಾದ ಈ ಕ್ರಮ ನಮ್ಮ ವಿಧಾನಶಾಸ್ತ್ರದ ತರಗತಿಗಳಲ್ಲಿ ಪಾಠವಾಗಬೇಕಿತ್ತು.

ಕನ್ನಡದ ಶೀರ್ಷಿಕೆಯಲ್ಲಿರುವ ‘ಬಯಲು’ ವಚನಕಾರರ ಪದ. ಅವರಿಗೆ ಅದು ಎಲ್ಲ ಗುರುತುಗಳೂ ಕರಗುವ ಶೂನ್ಯ. ರೇವತಿಯವರ ಕಥೆಯಲ್ಲಿ ಅದು ಮರೆಯಿಲ್ಲದ ಜಾಗ. ಪೊಲೀಸರು ಹಿಡಿಯುವ ರಸ್ತೆ, ಮನೆಯಿಂದ ಹೊರಬಿದ್ದ ಮೇಲೆ ಸಿಗುವ ಬಸ್ ನಿಲ್ದಾಣ, ಎಲ್ಲರ ಕಣ್ಣಿಗೂ ಬೀಳುವ ದೇಹ. ಅನುವಾದಕಿ ಆ ಪದ ಇಟ್ಟು ಎರಡೂ ಅರ್ಥಗಳನ್ನು ಎದುರುಬದುರು ಕೂರಿಸಿದ್ದಾರೆ. ಈ ಪುಸ್ತಕದಲ್ಲಿ ಪುರಾಣಕ್ಕಿಂತ ಹೆಚ್ಚು ಜಾಗ ಪಡೆಯುವುದು ಮನೆ, ದುಡ್ಡು, ಅಣ್ಣಂದಿರ ಹೊಡೆತ, ಗುರು ಮತ್ತು ಚೇಲಾಗಳ ಜಗಳ, ಬೆಂಗಳೂರಿನ ಹಮಾಮು. ಹಮಾಮ್ ಎಂದರೆ ಹಿಜ್ಡಾಗಳು ನಡೆಸುತ್ತಿದ್ದ ಸ್ನಾನದ ಮನೆ. ಬಿಸಿನೀರು ಅಲ್ಲಿನ ಒಂದು ಕಸುಬು, ಲೈಂಗಿಕ ವೃತ್ತಿ ಇನ್ನೊಂದು. ಪೊಲೀಸ್ ದಾಳಿಯ ಭಯ ಎರಡಕ್ಕೂ ಸಮಾನ. ಪಿಯುಸಿಎಲ್ ಕರ್ನಾಟಕ ಘಟಕ 2003ರಲ್ಲಿ ಬೆಂಗಳೂರಿನ ಹಿಜ್ಡಾ ಮತ್ತು ಕೋತಿ ಲೈಂಗಿಕ ಕಾರ್ಯಕರ್ತರ ಮೇಲಿನ ಹಿಂಸೆಯ ಬಗ್ಗೆ ಪ್ರಕಟಿಸಿದ ವರದಿಯನ್ನು ಈ ಪುಸ್ತಕದ ಪಕ್ಕದಲ್ಲಿಟ್ಟು ಓದಬೇಕು.

ನಮ್ಮ ಪಾರಿಭಾಷಿಕ ಪದಗಳ ವಿಷಯದಲ್ಲೂ ಈ ಆತ್ಮಕಥನ ಏನೋ ಹೇಳುತ್ತದೆ. ದೇಹವನ್ನು ಬದಲಿಸುವ ಶಸ್ತ್ರಚಿಕಿತ್ಸೆಗೆ ವಿಶ್ವವಿದ್ಯಾಲಯದ ಕನ್ನಡ ‘ಲಿಂಗ ಮರುಹೊಂದಾಣಿಕೆ’ ಎನ್ನುತ್ತದೆ. ಸಮುದಾಯದ ಪದ ‘ನಿರ್ವಾಣ’. ನೋವು, ಸಾವಿನ ಅಪಾಯ, ಮರುಹುಟ್ಟು, ಬಂಧುಗಳಿಂದ ಬಿಡುಗಡೆ ಎಲ್ಲವೂ ಆ ಒಂದು ಪದದಲ್ಲಿವೆ. ಜೋಗಪ್ಪಂದಿರಲ್ಲಿ ಸಾಮಾನ್ಯವಾಗಿ ಈ ಪದ್ಧತಿ ಇಲ್ಲ. ಹಾಗಾಗಿ ಜೋಗಪ್ಪ, ಹಿಜ್ಡಾ, ಕೋತಿ ಎಲ್ಲರನ್ನೂ ‘ತೃತೀಯ ಲಿಂಗಿ’ ಎಂದು ಒಟ್ಟುಗೂಡಿಸಿದ ಕೂಡಲೇ ಮೂರು ಬೇರೆ ಬೇರೆ ಬದುಕಿನ ಕ್ರಮಗಳು ಕಾಣೆಯಾಗುತ್ತವೆ. ‘ತೃತೀಯ’ ಎನ್ನುವುದರಲ್ಲಿ ಒಂದು, ಎರಡು ಯಾರೆಂಬ ಎಣಿಕೆಯೂ ಇದೆ. ಹೆಣ್ಣು ಎಂದು ತಲೆಬರಹದಲ್ಲೇ ಬರೆದುಕೊಂಡ ಮಂಜಮ್ಮನನ್ನು ನಾವು ಯಾವ ಅಧಿಕಾರದಿಂದ ಮೂರನೆಯವಳೆನ್ನುತ್ತೇವೆ?

ಎಣಿಕೆಗೂ ಒಂದು ಚರಿತ್ರೆಯಿದೆ. ವಸಾಹತು ಸರ್ಕಾರದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹಿಜ್ಡಾಗಳ ಹೆಸರು, ವಾಸಸ್ಥಳಗಳ ದಫ್ತರು ಇಡಲು ಹೇಳಿತ್ತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮು ಅಂಥದೇ ದಫ್ತರಿನ ಮಾತಾಡಿತು. ಅದೇ 2011ರ ಜನಗಣತಿ ಗಂಡು, ಹೆಣ್ಣು ಅಲ್ಲದೆ ‘ಇತರೆ’ ಎಂಬ ಕಲಮಿನಲ್ಲಿ ದೇಶದಲ್ಲಿ ಸುಮಾರು 4.88 ಲಕ್ಷ ಜನರನ್ನು ಎಣಿಸಿತು. ಒಂದು ಎಣಿಕೆ ಕಾವಲಿಗೆ, ಇನ್ನೊಂದು ಸೌಲಭ್ಯಕ್ಕೆ. ಕರ್ನಾಟಕ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇ. 1ರ ಮೀಸಲಾತಿ ಕೊಟ್ಟದ್ದು ಎಣಿಸಿಕೊಂಡವರ ಹೋರಾಟದಿಂದಲೇ. ಆದರೆ ಬಾಗಿಲು ತಟ್ಟಿ ಹೆಸರು, ವಯಸ್ಸು, ವಾಸ ಕೇಳುವ ಸಂಶೋಧಕರ ಹಾಳೆ ಒಳಗಿರುವವರಿಗೆ ಯಾವುದರಂತೆ ಕಾಣುತ್ತದೆ? ನಮ್ಮ ಎರಡನೇ ಅಧ್ಯಾಯದ ಪ್ರಶ್ನಾವಳಿಗಳು ಈ ಪ್ರಶ್ನೆಯನ್ನು ಕೇಳಿಕೊಂಡಿಲ್ಲ.

ಆತ್ಮಕಥನಗಳನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಮಂಜಮ್ಮನ ಮಾತು ನಿರೂಪಕರ ಕೈಯಿಂದ, ರೇವತಿಯವರ ಮಾತು ಅನುವಾದಕಿಯ ಕೈಯಿಂದ ದಾಟಿ ನಮಗೆ ಸಿಗುತ್ತದೆ. ಹೇಳುವಾಗ ಇದ್ದ ಬಯ್ಗುಳ, ನಗು, ತಡವರಿಕೆಗಳಲ್ಲಿ ಪುಟಕ್ಕೆ ಬಂದದ್ದೆಷ್ಟು, ಓದುಗರ ಮರುಕಕ್ಕೆಂದು ತಿದ್ದಿದ್ದೆಷ್ಟು ಎಂದು ವಿಮರ್ಶೆ ಕೇಳಲೇಬೇಕು. ಅನುಕಂಪದಿಂದ ಬರೆದ ಮುನ್ನುಡಿಗಳು ಈ ಪುಸ್ತಕಗಳನ್ನು ‘ದಿಟ್ಟ’, ‘ಮನಕಲಕುವ’ ಎಂದು ಹೊಗಳಿ ಸುಮ್ಮನಾಗುತ್ತವೆ. ಬೇರೆ ಲೇಖಕರಿಗೆ ಕೊಡುವ ಕಟುವಾದ ಓದನ್ನು ಇವರಿಗೂ ಕೊಡುವುದು ಗೌರವ ಎಂದು ನಾನು ನಂಬಿದ್ದೇನೆ.

ನನ್ನ ಪ್ರಬಂಧದ ಮೊದಲ ಅಧ್ಯಾಯ ಈಗ ಹಮಾಮಿನಿಂದ ಶುರುವಾಗುತ್ತದೆ: ಯಾರು ನೀರು ಕಾಯಿಸುತ್ತಿದ್ದರು, ಗಳಿಕೆ ಯಾರ ಕೈಸೇರುತ್ತಿತ್ತು, ದಾಳಿಯ ಮರುದಿನ ಯಾರು ಬಾಗಿಲು ತೆಗೆಯುತ್ತಿದ್ದರು ಎಂಬ ವಿವರಗಳಿಂದ. ಕರಗವೂ ಬರುತ್ತದೆ, ಮೂರನೇ ಅಧ್ಯಾಯದಲ್ಲಿ, ತಾಳಿ ಬಿಚ್ಚಿಕೊಟ್ಟವಳ ಕಡೆಯಿಂದ. ಅರ್ಧನಾರೀಶ್ವರನಿಗೆ ಸದ್ಯಕ್ಕೆ ಜಾಗ ಸಿಕ್ಕಿಲ್ಲ. ಆತನಿಗೆ ಬೇರೆ ಪ್ರಬಂಧಗಳಿವೆ.