‘ಕ್ವೈಟ್ ಗುಡ್’ ಅಂದ್ರೆ ಎಷ್ಟು ಗುಡ್?

ಕಳೆದ ಅಪ್ರೈಸಲ್‌ನಲ್ಲಿ ನನ್ನ ಟೀಮಿನ ಹುಡುಗಿಯೊಬ್ಬಳ ಬಗ್ಗೆ ‘ಹರ್ ವರ್ಕ್ ಈಸ್ ಕ್ವೈಟ್ ಗುಡ್’ ಅಂತ ಬರೆದೆ. ನನ್ನ ಮನಸ್ಸಿನಲ್ಲಿದ್ದದ್ದು ‘ಬಹಳ ಚೆನ್ನಾಗಿದೆ’. ಇಂಗ್ಲೆಂಡಿನಲ್ಲಿ ಕೂತ ಮ್ಯಾನೇಜರ್ ಓದಿಕೊಂಡದ್ದು ‘ಪರವಾಗಿಲ್ಲ’ ಅಂತ. ಅವಳ ರೇಟಿಂಗ್ ಒಂದು ಮೆಟ್ಟಿಲು ಕೆಳಗಿಳಿಯಿತು. ಕೇಳಿದರೆ, ‘ನೀವೇ ಹಾಗೆ ಬರೆದಿದ್ದೀರಲ್ಲ’ ಅಂದರು.

ಅವರದೇನೂ ತಪ್ಪಿಲ್ಲ. ಅಮೆರಿಕದವರ ಕಿವಿಗೆ ‘ಕ್ವೈಟ್ ಗುಡ್’ ಸಾಮಾನ್ಯವಾಗಿ ‘ವೆರಿ ಗುಡ್’ಗೆ ಹತ್ತಿರ. ಬ್ರಿಟಿಷರಿಗೆ ಎಷ್ಟೋ ಸಲ ಅದು ‘ಒಂದು ಮಟ್ಟಿಗೆ ಸರಿ’ ಅಷ್ಟೇ. ಎದುರಿಗಿದ್ದರೆ ದನಿಯಿಂದಾದರೂ ಗೊತ್ತಾಗುತ್ತೆ. ಅಪ್ರೈಸಲ್ ಫಾರಮ್ಮಿಗೆ ದನಿ ಎಲ್ಲಿಂದ ಬರಬೇಕು?

ನನ್ನ ತಕರಾರು ನಾವು ಕಲಿತ ರೀತಿಯ ಮೇಲೆ. ನಮ್ಮೂರ ಶಾಲೆಯಲ್ಲಿ ಕ್ವೈಟ್, ಫೇರ್ಲಿ, ರಾದರ್, ಪ್ರೆಟಿ, ನಾಲ್ಕಕ್ಕೂ ಒಂದೇ ಅರ್ಥ: ‘ಸಾಕಷ್ಟು’. ಉರು ಹೊಡೆದೆವು, ಮಾರ್ಕ್ಸೂ ಬಂತು. ಆದರೆ ಈ ನಾಲ್ಕೂ ಒಂದೇ ಅಲ್ಲ. ‘ಫೇರ್ಲಿ’ ಸಾಮಾನ್ಯವಾಗಿ ಒಪ್ಪಿಗೆಯ ಕಡೆ ವಾಲುತ್ತೆ: ರೂಮು ಫೇರ್ಲಿ ಕ್ಲೀನ್. ‘ರಾದರ್’ನಲ್ಲಿ ಹಲವು ಸಲ ಒಂದು ಗೊಣಗಾಟ ಇರುತ್ತೆ: ಬಾಡಿಗೆ ರಾದರ್ ಎಕ್ಸ್‌ಪೆನ್ಸಿವ್. ಅದೇ ‘ರಾದರ್ ಗುಡ್’ ಅಂದರೆ ‘ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆಯಲ್ಲ!’ ಅನ್ನೋ ಆಶ್ಚರ್ಯ. ‘ಪ್ರೆಟಿ’ ಹೆಚ್ಚಾಗಿ ಆಡುಮಾತಿನದು. ಇನ್ನು ‘ಕ್ವೈಟ್’ಗೆ ಎರಡು ಮನಸ್ಸು. ‘ಕ್ವೈಟ್ ಇಂಪಾಸಿಬಲ್’ ಅಂದರೆ ಅರೆಬರೆ ಅಸಾಧ್ಯ ಅಲ್ಲ, ಪೂರ್ತಿ ಅಸಾಧ್ಯ. ‘ಕ್ವೈಟ್ ಎ ಫ್ಯೂ’ ಅಂದರೆ ಕೆಲವರಲ್ಲ, ಸುಮಾರು ಜನ.

ನೋಡಿ, ಇಲ್ಲೇ ನಮ್ಮ ‘ಸುಮಾರು’ ಬಂತು. ‘ಸುಮಾರು ಜನ ಬಂದಿದ್ರು’ ಅಂದರೆ ತುಂಬಾ ಜನ. ‘ಊಟ ಸುಮಾರಾಗಿತ್ತು’ ಅಂದರೆ ಹೇಳಿಕೊಳ್ಳುವಂಥದ್ದಲ್ಲ. ಈ ವ್ಯತ್ಯಾಸವನ್ನು ಯಾವ ಮೇಷ್ಟ್ರೂ ನಮಗೆ ಹೇಳಿಕೊಡಲಿಲ್ಲ. ಜಗಲಿ ಮೇಲೆ ಕೂತು ಕೇಳಿ ಕಲಿತೆವು. ಅಪ್ಪ ಬೆಳೆ ‘ಪರವಾಗಿಲ್ಲ’ ಅಂದರೆ, ಆ ವರ್ಷ ಸಾಲ ತೀರುತ್ತೋ ಇಲ್ಲವೋ ಅಂತ ಅವ್ವನಿಗೆ ಅವನ ದನಿಯಲ್ಲೇ ತಿಳೀತಿತ್ತು. ಇಂಗ್ಲಿಷ್ ಮಾತ್ರ ನಮಗೆ ಜಗಲಿ ಇಲ್ಲದೆ, ಪದಕ್ಕೊಂದು ಪದದ ಲೆಕ್ಕದಲ್ಲಿ ಬಂತು. ಈಗ ಅದೇ ಭಾಷೆಯಲ್ಲಿ ಇನ್ನೊಬ್ಬರ ಸಂಬಳ ಬರೀತೀವಿ.

ಶಾಲೆಯನ್ನಷ್ಟೇ ಬೈದರೆ ಅದೂ ಅನ್ಯಾಯ. ಅವಳ ಕೋಡಿನಲ್ಲಿ ಮೂರು ತಿಂಗಳಿಂದ ಒಂದೂ ಬಗ್ ಬಂದಿರಲಿಲ್ಲ. ಅದನ್ನೇ ಬರೆಯಬಹುದಿತ್ತು. ಅಳತೆ ಕೈಯಲ್ಲಿದ್ದೂ ಅಂದಾಜಿನ ಪದ ಹಾಕಿದ್ದು ನನ್ನ ಸೋಮಾರಿತನ. ಆಮೇಲೆ ಮ್ಯಾನೇಜರಿಗೆ ಅಷ್ಟನ್ನೂ ಬರೆದು ಕಳಿಸಿದೆ. ಅಷ್ಟರಲ್ಲಿ ರೇಟಿಂಗ್ ಮುಗಿದುಹೋಗಿತ್ತು.

ಅವಳಿಗೆ ವಿಷಯ ಹೇಳಿ ಸಾರಿ ಕೇಳಿದೆ. ‘ಪರವಾಗಿಲ್ಲ ಬಿಡಿ ಸರ್’ ಅಂದಳು. ಎಷ್ಟು ಪರವಾಗಿಲ್ಲ ಅನ್ನೋದು ಅವಳ ದನಿಯಲ್ಲೇ ಗೊತ್ತಾಯಿತು.