1440ರ ಮೋಹ

ಹಾವಿನ ನಾಲಿಗೆ ಜರಿಗಿಡದ ಮಾತೆತ್ತಿದರೆ ಸಾಕು, ಬರೆಯುವವರೆಲ್ಲ ಹಿಡಿದುಕೊಳ್ಳುವುದು ಒಂದೇ ಅಂಕಿಯನ್ನು. ಆಫಿಯೊಗ್ಲಾಸಮ್ ರೆಟಿಕ್ಯುಲೇಟಮ್‌ಗೆ 1440 ವರ್ಣತಂತು, ಮನುಷ್ಯನಿಗೆ ಬರೀ 46, ಅಬ್ಬಾ! ಕ್ವಿಜ್ ಮುಗಿಯಿತು, ಗಿಡವೂ ಮುಗಿಯಿತು.

ಆ ಅಂಕಿಯನ್ನೇ ಸ್ವಲ್ಪ ಕೆದಕೋಣ. 1954ರಲ್ಲಿ ಸಸ್ಯವಿಜ್ಞಾನಿಗಳಾದ ಅಬ್ರಹಾಂ ಮತ್ತು ನಿನಾನ್, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಇದೇ ಗಿಡಕ್ಕೆ 631 ಜೋಡಿ, ಮೇಲೆ ಹತ್ತು ಚೂರು ಎಂದು ಬರೆದರು. ಎಣಿಸುವ ಕೆಲಸ ಹೇಗಿರುತ್ತದೆ ನೋಡಿ: ಎಳೆಯ ತೆನೆ ಕಿತ್ತು, ಬೀಜಕಗಳಾಗಲಿರುವ ಕೋಶಗಳಿಗೆ ಬಣ್ಣ ಕೊಟ್ಟು, ತೆಳು ಗಾಜಿನಡಿ ಹೆಬ್ಬೆರಳಿನಿಂದ ಒತ್ತಬೇಕು. ಒತ್ತು ಸಾಲದಿದ್ದರೆ ಒಂದರ ಮೇಲೊಂದು ಗುಡ್ಡೆ. ಜಾಸ್ತಿಯಾದರೆ ಕೋಶ ಒಡೆದು ಅಂಚಿನವು ಚೆಲ್ಲಾಪಿಲ್ಲಿ. ಅಂಥ ಗೊಂದಲದಲ್ಲಿ 631 ಎಂದು ಬಿಡಿ ಅಂಕಿಯವರೆಗೆ ಬರೆದು, ಲೆಕ್ಕಕ್ಕೆ ಸಿಗದ ಚೂರುಗಳನ್ನೂ ಮುಚ್ಚಿಡದೆ ಹೇಳಿದ್ದರಲ್ಲ, ಅದು ನೋಡಿದವರ ಮಾತು. ಆಮೇಲಿನವರ 720 ಜೋಡಿ, ಅಂದರೆ ಆ 1440, ಹಾಗಲ್ಲ: ಕುಲದ ಮೂಲ ಎಣಿಕೆ 120, ಅದರ ಆರು ಪಟ್ಟು, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಸರಿಯೂ ಇರಬಹುದು. ಆದರೆ ಕಣ್ಣು ಎಷ್ಟು ಎಣಿಸಿತು, ಮಗ್ಗಿ ಎಷ್ಟು ಎಣಿಸಿತು?

ಇನ್ನು ಜರಿಗಿಡಗಳ ವಿದ್ವಾಂಸ ವ್ಯಾಗ್ನರ್. 1970ರಲ್ಲಿ ಆತ ವರ್ಣತಂತುಗಳ ಗಣ ಎರಡಕ್ಕಿಂತ ಹೆಚ್ಚಿರುವ ಬಹುಗುಣಿತ ಸಸ್ಯಗಳನ್ನೆಲ್ಲ ವಿಕಾಸದ ಗದ್ದಲವೆಂದು ಮೂಲೆಗೆ ತಳ್ಳಿದ. ನೂರಾರು ಜೋಡಿ ತಪ್ಪದೆ ಜೊತೆಗೂಡಿ, ಬಿರಿದು, ಬೀಜಕವಾಗುವ ಗಿಡವನ್ನು ಗದ್ದಲ ಎನ್ನುವುದಾದರೆ ಶಿಸ್ತು ಅನ್ನುವುದು ಯಾವುದಕ್ಕೆ? ವಿಂಗಡಣೆಯವರ ಜಗಳವೂ ಬೇರೆಯಲ್ಲ. ಮರದ ಮೇಲೆ ಜೋತಾಡುವ ಪೆಂಡುಲಮ್ ಎಂಬ ಪ್ರಭೇದದ ಕುಲ ಆಫಿಯೊಗ್ಲಾಸಮ್ಮೋ ಆಫಿಯೊಡರ್ಮವೋ? 2016ರ ಜರಿಗಿಡಗಳ ವರ್ಗೀಕರಣ ಪಟ್ಟಿ ಎರಡನೆಯದನ್ನು ಎತ್ತಿಹಿಡಿಯಿತು. ಹಿಡಿಯಲಿ, ಗಿಡಕ್ಕೇನು.

ಅಸಲು ಸಂಗತಿ ಇರುವುದು ಮಣ್ಣಿನಡಿ. ಬೀಜಕ ಮೊಳೆತು ಹುಟ್ಟುವ ಲಿಂಗಾಣುಜನಕ ಬೆಳಕು ಕಾಣದೆ, ಹಸಿರಿಲ್ಲದೆ, ಶಿಲೀಂಧ್ರ ಕೊಟ್ಟಿದ್ದನ್ನು ತಿಂದುಕೊಂಡೇ ಇರುತ್ತದೆ. ದೊಡ್ಡ ಗಿಡದ ಬೇರಿಗೂ ರೋಮವಿಲ್ಲ. ಅಲ್ಲೂ ಶಿಲೀಂಧ್ರದ್ದೇ ಆಸರೆ. ಹಲವು ಪ್ರಭೇದಗಳಲ್ಲಿ ಆ ಬೇರೇ ಮೊಗ್ಗೊಡೆದು ಮರಿಗಿಡ ಏಳಿಸುತ್ತದೆ.

ಒಂದು ಮಳೆಗಾಲ, ಹುಲ್ಲಿನ ನಡುವೆ ಒಂದೊಂದೇ ಎಲೆ, ಒಂದೊಂದೇ ತೆನೆ ಎತ್ತಿ ನಿಂತಿದ್ದ ಗುಂಪೊಂದು ಕಂಡಿತು. ತೆನೆಯಲ್ಲಿ ಬೀಜಕಚೀಲಗಳು ಎರಡು ಸಾಲು, ಜಿಪ್ಪಿನ ಹಲ್ಲಿನಂತೆ. ಹನ್ನೊಂದು ಗಿಡ ಎಂದು ಎಣಿಸಿ, ಬೆರಳಿನಿಂದ ಮಣ್ಣು ಸರಿಸಿದೆ. ಮೊದಲ ಮೂರೂ ಒಂದೇ ಬೇರಿನ ಮೇಲಿದ್ದವು. ಅಲ್ಲಿಗೆ ಎಣಿಕೆ ಬಿಟ್ಟು ಮಣ್ಣು ಮುಚ್ಚಿದೆ.