ನಗುವಿನೊಳಗೊಂದು ದೇಗುಲ: ‘ದೇವೂಳ್’ ಚಿತ್ರದ ಮರುನೋಟ

ಅಕ್ಕಲಕೋಟೆ, ಗಾಣಗಾಪುರಗಳಿಗೆ ನಡೆದುಕೊಳ್ಳುವ ಮನೆತನಗಳವರಾದ ನಮಗೆ ದತ್ತಭಕ್ತಿಯೆಂಬುದು ಕನ್ನಡ–ಮರಾಠಿಗಳ ನಡುವಣ ಹಳೆಯ ಸೇತುವೆ. ಆದುದರಿಂದ ಉಮೇಶ್ ಕುಲಕರ್ಣಿಯವರ ಮರಾಠಿ ಚಿತ್ರ ‘ದೇವೂಳ್’ 2011ರಲ್ಲಿ ತೆರೆಕಂಡಾಗ, ದತ್ತನ ಹೆಸರಿನಲ್ಲಿ ಹಾಸ್ಯವೇ ಎಂದು ಹುಬ್ಬುಗಂಟಿಕ್ಕಿಯೇ ನೋಡಲು ಹೋದೆವು. ಹೊಟ್ಟೆ ಹುಣ್ಣಾಗುವಂತೆ ನಕ್ಕು ಬಂದೆವು. ಈಚೆಗೆ ಮರಳಿ ನೋಡಿದಾಗ ಆ ನಗು ಉಳಿದಿದೆಯೇ?

ಕಥೆ ಸರಳ. ಕಳೆದುಹೋದ ಹಸುವನ್ನು ಅರಸಿ ದಣಿದ ಕೇಶ್ಯಾ ಮರದಡಿ ಮಲಗುತ್ತಾನೆ. ತನಗೆ ದತ್ತನ ದರ್ಶನವಾಯಿತೆಂದು ಊರಿಗೆಲ್ಲ ಸಾರುತ್ತಾನೆ. ಅಣ್ಣಾ ಎಂಬ ಹಿರಿಯರು ಊರಿಗೊಂದು ಆಸ್ಪತ್ರೆಯ ನಕ್ಷೆ ಹಿಡಿದು ಕಾದಿದ್ದಾರೆ. ಆದರೆ ಮುಖಂಡ ಭಾವೂನ ಆಶ್ರಯದಲ್ಲಿ ಏಳುವುದು ದೇಗುಲ. ಜೊತೆಗೆ ಅಂಗಡಿ, ಜಾತ್ರೆ, ಜಾಹೀರಾತು, ಹಣ. ಕೊನೆಗೆ ನೊಂದ ಕೇಶ್ಯಾ ವಿಗ್ರಹವನ್ನೇ ಕದ್ದೊಯ್ದು ನದಿಯಲ್ಲಿ ವಿಸರ್ಜಿಸುತ್ತಾನೆ. ಊರವರು ಬೇರೊಂದನ್ನು ಪ್ರತಿಷ್ಠಾಪಿಸುತ್ತಾರೆ, ವ್ಯಾಪಾರ ಮುಂದುವರಿಯುತ್ತದೆ.

ದೋಷಗಳು ಇಂದು ಹೆಚ್ಚು ಕಾಣುತ್ತವೆ. ಉತ್ತರಾರ್ಧದಲ್ಲಿ ವಿಡಂಬನೆ ಒಂದೇ ಮಾತನ್ನು ಪುನರುಚ್ಚರಿಸುತ್ತದೆ. ಅಣ್ಣಾ ಕೆಲವೆಡೆ ಪಾತ್ರವಾಗದೆ ಉಪದೇಶಕರಾಗುತ್ತಾರೆ. ದಿಲೀಪ್ ಪ್ರಭಾವಳ್ಕರರ ಸಂಯಮವೇ ಅವರನ್ನು ಕಾಪಾಡಿದೆ. ನಾನಾ ಪಾಟೇಕರರ ಭಾವೂ ಮಾತ್ರ ಮಾಸಿಲ್ಲ: ಅವನು ದುಷ್ಟನಲ್ಲ, ಗಾಳಿ ಬಂದತ್ತ ತೂರಿಕೊಳ್ಳುವವನು. ಕೇಶ್ಯಾನಾಗಿ ಗಿರೀಶ್ ಕುಲಕರ್ಣಿಯವರು ರಾಷ್ಟ್ರಪ್ರಶಸ್ತಿ ಪಡೆದುದು ಯೋಗ್ಯವೇ. ಅತ್ಯುತ್ತಮ ಚಿತ್ರದ ಸ್ವರ್ಣಕಮಲವನ್ನು ‘ದೇವೂಳ್’ ಆ ವರ್ಷ ಹಂಚಿಕೊಂಡದ್ದು ನಮ್ಮ ಕರಾವಳಿಯ ನುಡಿಯಾದ ಬ್ಯಾರಿಯ ‘ಬ್ಯಾರಿ’ ಚಿತ್ರದೊಂದಿಗೆ ಎಂಬುದೂ ಸಂತಸದ ಸಂಗತಿ.

ಚಿತ್ರವು ದೇವರನ್ನು ನಿಂದಿಸುತ್ತದೆಯೇ? ಇಲ್ಲ. ಕೇಶ್ಯಾನ ಭಕ್ತಿಯನ್ನು ಅದು ಎಲ್ಲಿಯೂ ಗೇಲಿ ಮಾಡುವುದಿಲ್ಲ. ಅದು ನಗುವುದು ರಸೀದಿ ಪುಸ್ತಕ ಹಿಡಿದವರನ್ನು ನೋಡಿ. ಅಂದು ಆ ನಗೆಯಲ್ಲಿ ನಾವೂ ಪಾಲ್ಗೊಂಡೆವು. ಇಂದು ನಗಲಾರದೆ ಹೋದೆವು. ನಾವು ಮುಖ್ಯೋಪಾಧ್ಯಾಯರಾಗಿದ್ದಾಗ ಊರ ಗುಡಿಯ ಗೋಪುರಕ್ಕೂ ಸೋರುವ ಕನ್ನಡ ಶಾಲೆಯ ಮಾಡಿಗೂ ಒಂದೇ ವರ್ಷ ವಂತಿಗೆ ಎತ್ತಲಾಯಿತು. ಗೋಪುರ ಎದ್ದಿತು, ಶಾಲೆ ಇನ್ನೊಂದು ಮಳೆಗಾಲ ಸೋರಿತು. ಗೋಪುರದ ರಸೀದಿ ಪುಸ್ತಕ ನಮ್ಮ ಕೈಯಲ್ಲೇ ಇತ್ತು. ಹೆಡ್‌ಮಾಸ್ತರರು ಬಂದರೆಂದು ಜನ ಧಾರಾಳವಾಗಿ ಕೊಟ್ಟರು. ಶಾಲೆಗಾಗಿ ನಾವು ಅಷ್ಟು ಮನೆಗಳ ಹೊಸ್ತಿಲು ತುಳಿಯಲಿಲ್ಲ.

ಪರರನ್ನು ಕಂಡು ನಕ್ಕ ಚಿತ್ರದಲ್ಲಿ ಮರುನೋಟಕ್ಕೆ ನಮ್ಮ ಮುಖವೇ ಕಾಣಿಸಿದರೆ, ಅದು ಹಳತಾಗಿಲ್ಲವೆಂದೇ ಅರ್ಥ. ಮರಾಠಿಯ ‘ದೇವೂಳ್’, ಕನ್ನಡದ ‘ದೇಗುಲ’ ಎರಡೂ ‘ದೇವಕುಲ’ದಿಂದ ಬಂದ ಮಾತುಗಳು. ದೋಷವೂ ಗಡಿಯ ಎರಡು ಬದಿಗೂ ಒಂದೇ. ಸಂಘದ ಸದಸ್ಯರು ಈ ಚಿತ್ರವನ್ನು ಮಕ್ಕಳೊಡನೆ ಕುಳಿತು ನೋಡಲಿ. ಮಕ್ಕಳು ನಕ್ಕಾಗ ನಾವು ಒಂದಿಷ್ಟು ಸುಮ್ಮನಿರೋಣ.